ಹೊಟ್ಟೆ ತುಂಬಿದ ರೋಗಿಗೆ ಅರಿವಳಿಕೆ: ಉಸಿರುದಾರಿ ಕಾಯಲು ಯಾವ ದಾರಿ ಹಿಡಿಯಬೇಕು?

ಹೊಟ್ಟೆ ತುಂಬಿದ ರೋಗಿ ಬಂದರೆ ಏನು ಮಾಡುತ್ತೀರಿ ಅಂತ ಅರಿವಳಿಕೆ ಕೊಡುವವರನ್ನು ಕೇಳಿ ನೋಡಿ. ‘ಆರ್‌ಎಸ್‌ಐ ಮಾಡ್ತೀವಿ, ಕ್ರೈಕಾಯ್ಡ್ ಒತ್ತಿ ಹಿಡೀತೀವಿ’ ಅಂತ ಉತ್ತರ ಥಟ್ಟನೆ ಬರುತ್ತದೆ. ಆರ್‌ಎಸ್‌ಐ ಅಂದರೆ ಎಚ್ಚರ ತಪ್ಪಿಸುವ ಮತ್ತು ಸ್ನಾಯು ಸಡಿಲಿಸುವ ಔಷಧ ಒಂದರ ಹಿಂದೊಂದು ಬೇಗ ಕೊಟ್ಟು, ತಕ್ಷಣ ಶ್ವಾಸನಾಳಕ್ಕೆ ಟ್ಯೂಬ್ ಇಳಿಸುವುದು. ಕ್ರೈಕಾಯ್ಡ್ ಅಂದರೆ ಗಂಟಲಿನ ಮುಂಭಾಗದ ಬಳೆಯಂಥ ಮೃದ್ವಸ್ಥಿ, ಹೊಟ್ಟೆಯಲ್ಲಿರುವುದು ಮೇಲೆ ಬರದಂತೆ ಅದನ್ನು ಒತ್ತುತ್ತಾರೆ. ಎಲ್ಲಿ ಒತ್ತುತ್ತೀರಿ, ಎಷ್ಟು ಬಲ ಹಾಕುತ್ತೀರಿ, ಯಾವಾಗ ಬಿಡುತ್ತೀರಿ ಅಂತ ಮುಂದುವರಿಸಿದರೆ ಒಬ್ಬೊಬ್ಬರದು ಒಂದೊಂದು ಲೆಕ್ಕ. ಒತ್ತಿ ಹಿಡಿದಾಗಲೇ ರೋಗಿ ವಾಂತಿ ಮಾಡಿಕೊಂಡರೆ ಏನು ಗತಿ ಅಂದರೆ ಕೆಲವರು ಸುಮ್ಮನಾಗುತ್ತಾರೆ. ಹೆಸರು ಎಲ್ಲರಿಗೂ ಗೊತ್ತು, ಕೈಗೆ ಬಂದಿರುವುದು ಕಡಿಮೆ ಜನಕ್ಕೆ.

ಅನಸ್ತೇಷಿಯಾ ಕಲಿಯುತ್ತಿರುವ ವೈದ್ಯರು, ಓಟಿ ತಂತ್ರಜ್ಞರು, ಪಕ್ಕದಲ್ಲಿ ನಿಂತು ಕೈಜೋಡಿಸುವ ನರ್ಸ್‌ಗಳನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ‘ಕ್ರೈಕಾಯ್ಡ್ ಬೇಕಾ, ಬೇಡವಾ’ ಅನ್ನುವ ಜಗಳದಲ್ಲಿ ದೊಡ್ಡ ವಿಷಯ ತಪ್ಪಿಹೋಗುತ್ತಿದೆ. ಕೇಳಬೇಕಾದ ಪ್ರಶ್ನೆ ಬೇರೆ. ಈ ರೋಗಿಯಲ್ಲಿ ಯಾವುದು ಜಾಸ್ತಿ ಅಪಾಯ: ಹೊಟ್ಟೆಯಲ್ಲಿರುವುದು ಮೇಲೆ ಬರುವುದಾ, ಟ್ಯೂಬ್ ಹಾಕಲು ಆಗದೇ ಹೋಗುವುದಾ? ಉಳಿದ ಆಯ್ಕೆಗಳೆಲ್ಲ ಈ ಉತ್ತರದ ಹಿಂದೆ ಬರುತ್ತವೆ.

ಅಪಾಯ ಎಷ್ಟು ದೊಡ್ಡದು?

ಅಮೆರಿಕದ ವೈದ್ಯ ಮೆಂಡೆಲ್ಸನ್ 1946ರಲ್ಲಿ ಹೆರಿಗೆಯ ಹೊತ್ತಿನ ಅರಿವಳಿಕೆಯ 44,016 ಪ್ರಕರಣಗಳನ್ನು ನೋಡಿ, 66 ಮಂದಿಯಲ್ಲಿ ಹೊಟ್ಟೆಯ ಪದಾರ್ಥ ಶ್ವಾಸಕೋಶಕ್ಕೆ ಹೋಗಿದ್ದನ್ನು ವರದಿ ಮಾಡಿದರು. ಗಟ್ಟಿ ಆಹಾರ ಹೋದರೆ ದಾರಿ ಕಟ್ಟಿಕೊಳ್ಳುತ್ತದೆ, ಆಮ್ಲ ಹೋದರೆ ಶ್ವಾಸಕೋಶ ಸುಟ್ಟಂತಾಗುತ್ತದೆ ಅಂತ ಎರಡು ಬಗೆ ತೋರಿಸಿಕೊಟ್ಟರು. 1993ರಲ್ಲಿ ವಾರ್ನರ್ ಮತ್ತು ಜೊತೆಗಾರರು ಎರಡು ಲಕ್ಷಕ್ಕೂ ಹೆಚ್ಚು ಅರಿವಳಿಕೆಗಳ ದಾಖಲೆ ನೋಡಿದಾಗ ಸಿಕ್ಕ ಲೆಕ್ಕ ಹೀಗಿತ್ತು: ಯೋಜಿತ ಶಸ್ತ್ರಚಿಕಿತ್ಸೆಯಲ್ಲಿ 3,886ಕ್ಕೆ ಒಂದು, ತುರ್ತಿನಲ್ಲಿ 895ಕ್ಕೆ ಒಂದು. ಅಪರೂಪ ಅಂತ ಅನ್ನಿಸಬಹುದು. ಆದರೆ 2011ರಲ್ಲಿ ಬ್ರಿಟನ್ನಿನ ನಾಲ್ಕನೇ ರಾಷ್ಟ್ರೀಯ ಆಡಿಟ್, ಅಂದರೆ ನ್ಯಾಪ್-4, ಅರಿವಳಿಕೆಯಲ್ಲಿ ಉಸಿರುದಾರಿಗೆ ಸಂಬಂಧಿಸಿದ ಸಾವುಗಳಿಗೆ ಎಲ್ಲಕ್ಕಿಂತ ಹೆಚ್ಚಾಗಿ ಕಾರಣವಾಗಿದ್ದು ಇದೇ ಅಂತ ಹೇಳಿತು. ಟ್ಯೂಬ್ ಸಿಗದೆ ಸತ್ತವರಿಗಿಂತ ಇದರಿಂದ ಸತ್ತವರೇ ಜಾಸ್ತಿ. ಅಪಾಯದ ಲೆಕ್ಕ ಮೊದಲೇ ಹಾಕದೆ, ತಪ್ಪು ಸಾಧನ ಆರಿಸಿಕೊಂಡ ಉದಾಹರಣೆಗಳು ಅದರಲ್ಲಿ ಬೇಕಾದಷ್ಟಿವೆ.

ಹೊಟ್ಟೆ ನಿಜವಾಗಿ ತುಂಬಿದೆಯಾ?

ಗಡಿಯಾರದ ಲೆಕ್ಕ ಎಲ್ಲರಿಗೂ ಗೊತ್ತು. ತಿಳಿ ದ್ರವಕ್ಕೆ 2 ಗಂಟೆ, ಎದೆಹಾಲಿಗೆ 4, ಹಗುರ ಊಟಕ್ಕೆ 6, ಕರಿದದ್ದು ಅಥವಾ ಮಾಂಸಕ್ಕೆ 8 ಅಥವಾ ಇನ್ನೂ ಜಾಸ್ತಿ. ಇದು ಆರೋಗ್ಯವಾಗಿರುವವರ ಲೆಕ್ಕ. ಕರುಳು ಕಟ್ಟಿಕೊಂಡವರಿಗೆ, ಹೆರಿಗೆ ನೋವಿನಲ್ಲಿರುವವರಿಗೆ, ಪೆಟ್ಟು ಬಿದ್ದು ನೋವಿಗೆ ಮಾರ್ಫಿನ್ ತೆಗೆದುಕೊಂಡವರಿಗೆ, ಹಳೇ ಸಕ್ಕರೆ ಕಾಯಿಲೆಯವರಿಗೆ ಗಡಿಯಾರ ಸುಳ್ಳು ಹೇಳುತ್ತದೆ. ಅಪಘಾತ ಆದವರಲ್ಲಂತೂ ಊಟಕ್ಕೂ ಪೆಟ್ಟಿಗೂ ನಡುವಿನ ಸಮಯ ನೋಡಬೇಕು. ಊಟವಾಗಿ ಒಂದು ಗಂಟೆಗೆ ಬಿದ್ದವರ ಹೊಟ್ಟೆ ಮರುದಿನವೂ ಖಾಲಿಯಾಗದೇ ಇರಬಹುದು. ಈಚೆಗೆ ಸೆಮಾಗ್ಲುಟೈಡ್ ತರಹದ ಔಷಧಗಳೂ ಈ ಪಟ್ಟಿಗೆ ಸೇರಿವೆ. ವಾರಕ್ಕೊಂದು ಸಲ ಚುಚ್ಚಿಕೊಳ್ಳುವ ಆ ಇಂಜೆಕ್ಷನ್ ಹೊಟ್ಟೆ ಖಾಲಿಯಾಗುವುದನ್ನು ನಿಧಾನ ಮಾಡುತ್ತದೆ. ತೂಕ ಇಳಿಸಲು ತೆಗೆದುಕೊಳ್ಳುವವರು ನಾವಾಗಿ ಕೇಳದಿದ್ದರೆ ಹೇಳುವುದೇ ಇಲ್ಲ.

ಅನುಮಾನವಿದ್ದರೆ ಅಲ್ಟ್ರಾಸೌಂಡ್ ಇಟ್ಟು ನೋಡಿ. ಎದೆಗೂಡಿನ ಕೆಳಗೆ, ಹೊಟ್ಟೆಯ ನಡುಭಾಗದಲ್ಲಿ ಪ್ರೋಬ್ ಉದ್ದಕ್ಕೆ ಇಟ್ಟರೆ ಲಿವರ್ ಅಂಚಿನ ಕೆಳಗೆ ಜಠರದ ಆಂಟ್ರಮ್, ಅಂದರೆ ಅದರ ಕೆಳತುದಿಯ ಭಾಗ, ಕಾಣುತ್ತದೆ. ಖಾಲಿ ಇದ್ದರೆ ಚಿಕ್ಕದಾಗಿ, ದುಂಡಗೆ, ಗೋಡೆಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ದ್ರವ ಇದ್ದರೆ ಒಳಗೆ ಕಪ್ಪಗೆ ಉಬ್ಬಿರುತ್ತದೆ. ಈಗಷ್ಟೇ ಊಟ ಮಾಡಿದ್ದರೆ ಮಂಜು ಹಿಡಿದ ಗಾಜಿನ ಹಾಗೆ ಬಿಳಿಚಾಗಿ, ಹಿಂಬದಿಯ ಗೋಡೆಯೇ ಕಾಣದು. ರೋಗಿಯನ್ನು ಬಲಮಗ್ಗುಲಿಗೆ ತಿರುಗಿಸಿ ಅಳೆದಾಗ ದ್ರವ ಕೆಜಿಗೆ 1.5 ಮಿಲೀ ದಾಟಿದರೆ ಹೊಟ್ಟೆ ತುಂಬಿದೆ ಅಂತಲೇ ಲೆಕ್ಕ. ಗಟ್ಟಿ ಆಹಾರ ಕಂಡರೆ ಅಳತೆ ಬೇಕಾಗಿಲ್ಲ.

‘25 ಮಿಲೀ ಇದ್ದರೆ ಅಪಾಯ’ ಅನ್ನುವ ಹಳೇ ಮಾತು ಇನ್ನೂ ಪರೀಕ್ಷೆಗಳಲ್ಲಿ ಓಡಾಡುತ್ತಿದೆ. ಅದು 1970ರ ದಶಕದಲ್ಲಿ ಕೋತಿಯ ಶ್ವಾಸಕೋಶಕ್ಕೆ ನೇರವಾಗಿ ಆಮ್ಲ ಹಾಕಿ ನೋಡಿದ ಪ್ರಯೋಗದಿಂದ ಗುಣಿಸಿ ತೆಗೆದ ಸಂಖ್ಯೆ. ಉಪವಾಸವಿದ್ದ ಆರೋಗ್ಯವಂತರ ಹೊಟ್ಟೆಯಲ್ಲೂ ಅಷ್ಟು ದ್ರವ ಸಿಗುತ್ತದೆ. ಅದನ್ನು ನಂಬಿ ಕೂರಬೇಡಿ.

ಪೂರ್ತಿ ಅರಿವಳಿಕೆಯೇ ಬೇಕಾ?

ಈ ಆಯ್ಕೆ ಬೇಗ ಮುಗಿಯುತ್ತದೆ. ಕೈಕಾಲಿನ ಶಸ್ತ್ರಚಿಕಿತ್ಸೆಗೆ ನರದ ಬ್ಲಾಕ್, ಸಿಸೇರಿಯನ್‌ಗೆ ಸ್ಪೈನಲ್ ಆಗುವುದಾದರೆ ಅದೇ ಎಲ್ಲಕ್ಕಿಂತ ಒಳ್ಳೆಯ ರಕ್ಷಣೆ. ರೋಗಿಯ ಕೆಮ್ಮು, ನುಂಗುವ ಶಕ್ತಿ ಹಾಗೇ ಉಳಿಯುತ್ತವೆ. ಒಂದೇ ಎಚ್ಚರಿಕೆ: ಬ್ಲಾಕ್ ಸರಿಯಾಗಿ ಹಿಡಿಯಲಿಲ್ಲ ಅಂತ ಮೇಲಿಂದ ಮೇಲೆ ಮಂಪರಿನ ಔಷಧ ಕೊಡುತ್ತಾ ಹೋದರೆ, ಟ್ಯೂಬೂ ಇಲ್ಲ, ಎಚ್ಚರವೂ ಇಲ್ಲ ಅನ್ನುವ ಅತಿ ಕೆಟ್ಟ ಸ್ಥಿತಿಗೆ ಬಂದು ನಿಲ್ಲುತ್ತೀರಿ.

ತಲೆ ಮೇಲೆ ಇರಲಾ, ಕೆಳಗೆ ಇರಲಾ?

ತಲೆ ಮೇಲಿದ್ದರೆ ಹೊಟ್ಟೆಯಲ್ಲಿರುವುದು ಗಂಟಲಿಗೆ ಏರುವುದು ಕಷ್ಟ. ಆದರೆ ಏರಿದರೆ ನೇರ ಶ್ವಾಸನಾಳಕ್ಕೇ ಇಳಿಯುತ್ತದೆ. ತಲೆ ಕೆಳಗಿದ್ದರೆ ಸುಲಭವಾಗಿ ಗಂಟಲಿಗೆ ಬರುತ್ತದೆ, ಆದರೆ ಬಾಯಿಯ ಕಡೆ ಹರಿದುಹೋಗುತ್ತದೆ. ಎರಡೂ ವಾದಕ್ಕೆ ತರ್ಕವಿದೆ. ಕ್ರೈಕಾಯ್ಡ್ ಒತ್ತಡವನ್ನು ಪ್ರಚಾರಕ್ಕೆ ತಂದ ಸೆಲ್ಲಿಕ್ ಸ್ವತಃ ತಲೆ ತಗ್ಗಿಸಿಯೇ ಮಾಡುತ್ತಿದ್ದರು.

ನಾನು 20ರಿಂದ 25 ಡಿಗ್ರಿ ತಲೆ ಎತ್ತುವ ಕಡೆಗೇ ವಾಲುತ್ತೇನೆ. ಕಾರಣ ಬರೀ ಹೊಟ್ಟೆಯಲ್ಲ. ಬೆನ್ನು ಎತ್ತಿದಾಗ ಶ್ವಾಸಕೋಶದಲ್ಲಿ ಆಮ್ಲಜನಕದ ದಾಸ್ತಾನು ಜಾಸ್ತಿಯಾಗುತ್ತದೆ, ಟ್ಯೂಬ್ ಹಾಕುವಾಗ ಸಿಗುವ ಗಂಟಲಿನ ನೋಟವೂ ಸುಧಾರಿಸುತ್ತದೆ. ದಪ್ಪ ಮೈಯವರಲ್ಲಿ ಮತ್ತು ಗರ್ಭಿಣಿಯರಲ್ಲಿ ಇದರ ಲಾಭ ಕಣ್ಣಿಗೆ ಕಾಣುತ್ತದೆ. ಕಿವಿಯ ತೂತು ಮತ್ತು ಎದೆಮೂಳೆಯ ಮೇಲ್ತುದಿ ಒಂದೇ ಗೆರೆಗೆ ಬರುವಷ್ಟು ದಿಂಬು ಕೊಡಿ. ಆದರೆ ಒಂದು ಷರತ್ತು. ಟೇಬಲ್ ಒಂದೇ ಗುಂಡಿಯಲ್ಲಿ ತಲೆ ಕೆಳಗೆ ಹೋಗುತ್ತದೆಯಾ ಅಂತ ಮೊದಲೇ ನೋಡಿಕೊಳ್ಳಿ, ರಿಮೋಟ್ ಯಾರ ಕೈಯಲ್ಲಿರುತ್ತದೆ ಅಂತಲೂ ಹೇಳಿಡಿ.

ಎಚ್ಚರ ತಪ್ಪಿಸುವ ಮುಂಚೆ ಶ್ವಾಸಕೋಶಕ್ಕೆ ಆಮ್ಲಜನಕ ತುಂಬಿಸಬೇಕು: ಮಾಸ್ಕ್ ಬಿಗಿಯಾಗಿ ಹಿಡಿದು 3 ನಿಮಿಷ ಮಾಮೂಲಿ ಉಸಿರು, ಇಲ್ಲವೇ ಒಂದು ನಿಮಿಷದಲ್ಲಿ 8 ಆಳವಾದ ಉಸಿರು. ಹೊರಬರುವ ಗಾಳಿಯಲ್ಲಿ ಆಮ್ಲಜನಕ ಶೇ. 90 ಮುಟ್ಟಬೇಕು. ಬೆರಳಿಗೆ ಹಾಕಿದ ಮೀಟರ್ 100 ತೋರಿಸಿತು ಅಂತ ಅಲ್ಲಿಗೇ ನಿಲ್ಲಿಸುವುದು ಎಲ್ಲ ಕಡೆ ಕಾಣುವ ತಪ್ಪು. ರಕ್ತ ತುಂಬಿದೆ ಅಂದರೆ ಶ್ವಾಸಕೋಶ ತುಂಬಿದೆ ಅಂತಲ್ಲ.

ಕ್ರೈಕಾಯ್ಡ್ ಒತ್ತಡ: ಪರವೂ ವಿರೋಧವೂ

1961ರಲ್ಲಿ ಸೆಲ್ಲಿಕ್ ಇದನ್ನು ಪ್ರಕಟಿಸಿದಾಗ ಅವರ ಬಳಿ ಇದ್ದದ್ದು 26 ರೋಗಿಗಳು. ಹೋಲಿಸಲು ಇನ್ನೊಂದು ಗುಂಪು ಇರಲಿಲ್ಲ. ಮೂವರಲ್ಲಿ ಒತ್ತಡ ಬಿಟ್ಟ ಕೂಡಲೇ ಹೊಟ್ಟೆಯದು ಮೇಲೆ ಬಂತು, ಹಾಗಾಗಿ ಒತ್ತಡವೇ ತಡೆದಿತ್ತು ಅಂತ ತೀರ್ಮಾನ. ಅಷ್ಟರ ಮೇಲೆ ದಶಕಗಟ್ಟಲೆ ಜಗತ್ತೇ ಅದನ್ನು ಪಾಲಿಸಿತು. ಆಮೇಲೆ ಎಂಆರ್‌ಐ ಬಂತು. ಅನ್ನನಾಳ ಎಷ್ಟೋ ಜನರಲ್ಲಿ ಕ್ರೈಕಾಯ್ಡ್‌ನ ನೇರ ಹಿಂದೆ ಇರುವುದಿಲ್ಲ, ಒತ್ತಿದರೆ ಪಕ್ಕಕ್ಕೆ ಸರಿಯುತ್ತದೆ ಅಂತ ಒಂದು ಅಧ್ಯಯನ ತೋರಿಸಿತು. 2009ರಲ್ಲಿ ಇನ್ನೊಂದು ಬಂದು, ಮುಚ್ಚುವುದು ಅನ್ನನಾಳವನ್ನಲ್ಲ, ಅದರ ಮೇಲಿನ ಗಂಟಲ ಕೆಳಭಾಗವನ್ನು, ಅದು ಕ್ರೈಕಾಯ್ಡ್ ಜೊತೆಗೇ ಸರಿಯುತ್ತದೆ ಅಂದಿತು. ಅಂದರೆ ಅಂಗರಚನೆಯ ವಾದ ಯಾವ ಕಡೆಗೂ ಪೂರ್ತಿ ಗೆದ್ದಿಲ್ಲ.

ದೊಡ್ಡ ಪರೀಕ್ಷೆ ನಡೆದದ್ದು ಫ್ರಾನ್ಸಿನಲ್ಲಿ. ಐರಿಸ್ ಅನ್ನುವ ಈ ಅಧ್ಯಯನ 2019ರಲ್ಲಿ ಅಚ್ಚಾಯಿತು. 3,472 ಜನರಲ್ಲಿ ಅರ್ಧ ಮಂದಿಗೆ ನಿಜವಾದ ಒತ್ತಡ, ಉಳಿದರ್ಧಕ್ಕೆ ಒತ್ತಿದ ಹಾಗೆ ನಟನೆ. ಶ್ವಾಸಕೋಶಕ್ಕೆ ಹೋಗಿದ್ದು ಒತ್ತಿದವರಲ್ಲಿ ಶೇ. 0.6, ನಟಿಸಿದವರಲ್ಲಿ ಶೇ. 0.5. ಆದರೆ ಗಂಟಲು ಸರಿಯಾಗಿ ಕಾಣದೇ ಹೋಗಿದ್ದು ಒತ್ತಿದವರಲ್ಲಿ ಶೇ. 10, ನಟಿಸಿದವರಲ್ಲಿ ಶೇ. 5. ‘ಹಾಗಾದರೆ ಬಿಟ್ಟುಬಿಡೋಣ’ ಅನ್ನುವಂತಿಲ್ಲ. ಘಟನೆಗಳೇ ಅಷ್ಟು ಕಡಿಮೆ ಇದ್ದುದರಿಂದ, ಒತ್ತದಿದ್ದರೂ ಅಷ್ಟೇ ಸುರಕ್ಷಿತ ಅಂತ ಲೆಕ್ಕದಲ್ಲಿ ಸಾಬೀತಾಗಲಿಲ್ಲ. ಇದಕ್ಕೇ ಮಾರ್ಗಸೂಚಿಗಳೂ ಬೇರೆ ಬೇರೆ. ಸ್ಕ್ಯಾಂಡಿನೇವಿಯಾದವರು 2010ರಲ್ಲೇ ಕಡ್ಡಾಯವಲ್ಲ ಅಂದರು. ಬ್ರಿಟನ್ನಿನ ಡಿಫಿಕಲ್ಟ್ ಏರ್‌ವೇ ಸೊಸೈಟಿ 2015ರಲ್ಲಿ ಉಳಿಸಿಕೊಂಡಿತು, ಆದರೆ ನೋಟ ಕೆಟ್ಟರೆ ಸಡಿಲಿಸಿ ಅಂತಲೂ ಸೇರಿಸಿತು.

ಒತ್ತುವುದೇ ಆದರೆ ಸರಿಯಾಗಿ ಒತ್ತಬೇಕು, ಅಲ್ವಾ? ಗಂಟಲಿನ ಮುಂದೆ ಎದ್ದು ಕಾಣುವ ಗಂಟು ಥೈರಾಯ್ಡ್ ಮೃದ್ವಸ್ಥಿ. ಅದರಿಂದ ಬೆರಳನ್ನು ಮೆಲ್ಲಗೆ ಕೆಳಗೆ ಜಾರಿಸಿ. ಮೆತ್ತಗಿನ ಒಂದು ತಗ್ಗು ಸಿಗುತ್ತದೆ. ಅದರ ಕೆಳಗೆ ಗಟ್ಟಿಯಾಗಿ ಬಳೆಯಂತೆ ಸಿಗುವುದೇ ಕ್ರೈಕಾಯ್ಡ್. ಆ ಗಂಟನ್ನೇ ಒತ್ತಿ ಹಿಡಿಯುವವರು ಬಹಳ ಜನ ಇದ್ದಾರೆ. ಅದರಿಂದ ರಕ್ಷಣೆಯೂ ಇಲ್ಲ, ನೋಟವೂ ಕೆಡುತ್ತದೆ. ಹೆಂಗಸರಲ್ಲಿ, ದಪ್ಪ ಕುತ್ತಿಗೆಯವರಲ್ಲಿ ಗಂಟು ಎದ್ದು ಕಾಣುವುದಿಲ್ಲ, ಅಂಥವರಲ್ಲಿ ಎಚ್ಚರವಿದ್ದಾಗಲೇ ಹುಡುಕಿ ಪೆನ್ನಿನಿಂದ ಗುರುತು ಹಾಕಿಡಿ. ಆ ಮೆತ್ತಗಿನ ತಗ್ಗನ್ನೂ ಗುರುತಿಸಿ. ಏನೂ ಆಗದೆ ಕುತ್ತಿಗೆಯಿಂದಲೇ ದಾರಿ ಮಾಡಬೇಕಾದರೆ ಕೈ ಹೋಗಬೇಕಾದ ಜಾಗ ಅದೇ.

ಬಲದ ಲೆಕ್ಕ: ಎಚ್ಚರವಿರುವಾಗ 10 ನ್ಯೂಟನ್, ಅಂದರೆ ಸುಮಾರು 1 ಕೆಜಿ ಭಾರ. ಎಚ್ಚರ ತಪ್ಪಿದ ಮೇಲೆ 30, ಅಂದರೆ ಸುಮಾರು 3 ಕೆಜಿ. ಮೊದಲೇ 30 ಹಾಕಿದರೆ ರೋಗಿಗೆ ಓಕರಿಕೆ ಬರುತ್ತದೆ. ತಡೆಯಬೇಕೆಂದಿದ್ದನ್ನು ನಾವೇ ಬರಿಸಿದ ಹಾಗೆ. ಅಭ್ಯಾಸಕ್ಕೆ ದುಬಾರಿ ಸಾಮಾನು ಬೇಡ. 50 ಮಿಲೀ ಸಿರಿಂಜಿಗೆ ಪೂರ್ತಿ ಗಾಳಿ ಎಳೆದು, ಬಾಯಿ ಮುಚ್ಚಿ, ಪಿಸ್ಟನ್ನನ್ನು 33ರ ಗೆರೆಯ ತನಕ ಅದುಮಿ. ಅದೇ ಸುಮಾರು 30 ನ್ಯೂಟನ್. ಅಲ್ಲೇ ಒಂದು ನಿಮಿಷ ಹಿಡಿದು ನೋಡಿ, ಕೈ ನಡುಗಲು ಶುರುವಾಗುತ್ತದೆ. ಶಿಫ್ಟ್ ಶುರುವಾಗುವ ಮುಂಚೆ ಒತ್ತುವವರು ಒಮ್ಮೆ ಹೀಗೆ ಮಾಡಿಕೊಂಡರೆ ಸಾಕು. ಹಾಗೆ ಕೈ ಪಳಗದವರು ಪಕ್ಕದಲ್ಲಿದ್ದರೆ, ಕ್ರೈಕಾಯ್ಡ್ ಅನ್ನು ನಾನು ರಕ್ಷಣೆಯ ಲೆಕ್ಕಕ್ಕೇ ಹಿಡಿಯುವುದಿಲ್ಲ.

ಇನ್ನೊಂದು ಗೊಂದಲ. ನೋಟ ಸುಧಾರಿಸಲು ಗಂಟಲನ್ನು ಹಿಂದಕ್ಕೆ, ಮೇಲಕ್ಕೆ, ಬಲಕ್ಕೆ ಸರಿಸುವುದನ್ನೂ, ಅಂದರೆ ಬರ್ಪ್ ಅನ್ನುವ ಕೈಚಳಕವನ್ನೂ, ಇದನ್ನೂ ಒಂದೇ ಅಂದುಕೊಳ್ಳುತ್ತಾರೆ. ಅದು ಥೈರಾಯ್ಡ್ ಮೇಲೆ, ನೋಟಕ್ಕೆ. ಇದು ಕ್ರೈಕಾಯ್ಡ್ ಮೇಲೆ, ತಡೆಗೆ.

ಕುತ್ತಿಗೆಯ ಮೂಳೆ ಅಲುಗಾಡುತ್ತಿದ್ದರೆ, ಗಂಟಲಿಗೇ ಪೆಟ್ಟಾಗಿದ್ದರೆ ಒತ್ತುವುದು ಬೇಡ. ರೋಗಿ ಜೋರಾಗಿ ವಾಂತಿ ಮಾಡುತ್ತಿದ್ದರೆ ತಕ್ಷಣ ಬಿಡಿ, ಇಲ್ಲವಾದರೆ ಅನ್ನನಾಳ ಹರಿಯಬಹುದು. ಸದ್ದಿಲ್ಲದೆ ಉಕ್ಕಿ ಬರುವುದು ಬೇರೆ, ಅದಕ್ಕೆ ಬಿಡಬೇಕಾಗಿಲ್ಲ.

ಮಾಸ್ಕ್‌ನಲ್ಲಿ ಊದಬಹುದಾ?

ಹಳೇ ಪಾಠ: ಔಷಧ ಕೊಟ್ಟ ಮೇಲೆ ಟ್ಯೂಬ್ ಹಾಕುವ ತನಕ ಊದಲೇಬಾರದು, ಗಾಳಿ ಹೊಟ್ಟೆಗೆ ಹೋಗುತ್ತದೆ. ಆರೋಗ್ಯವಂತ ದೊಡ್ಡವರಲ್ಲಿ ಆ ಪಾಠ ನಡೆಯುತ್ತದೆ, ಆಮ್ಲಜನಕ ಸರಿಯಾಗಿ ತುಂಬಿದ್ದರೆ ಒಂದು ನಿಮಿಷ ಕಾಯುವುದು ಕಷ್ಟವಲ್ಲ. ಮಕ್ಕಳಲ್ಲಿ, ದಪ್ಪಗಿರುವವರಲ್ಲಿ, ಸೋಂಕಿನಿಂದ ಬಳಲುತ್ತಿರುವವರಲ್ಲಿ ಆ ಒಂದು ನಿಮಿಷದಲ್ಲೇ ಮೈ ನೀಲಿಯಾಗುತ್ತದೆ. ಆಮೇಲೆ ಗಾಬರಿಯಲ್ಲಿ ಬ್ಯಾಗನ್ನು ಜೋರಾಗಿ ಹಿಂಡುತ್ತೇವೆ, ಅದು ಇನ್ನೂ ಕೆಟ್ಟದ್ದು. ಒತ್ತಡ 10ರಿಂದ 15 ಸೆಂಟಿಮೀಟರ್ ನೀರಿನೊಳಗೇ ಇಟ್ಟು ಮೆಲ್ಲಗೆ ಊದುವುದನ್ನು ಈಗ ಬಹಳ ಕಡೆ ಒಪ್ಪುತ್ತಾರೆ. ಮಕ್ಕಳಿಗೆ ನಾನು ಇದನ್ನೇ ಮೊದಲ ಆಯ್ಕೆ ಅನ್ನುತ್ತೇನೆ. ಎಳೆಯ ಮಕ್ಕಳಲ್ಲಿ ಕ್ರೈಕಾಯ್ಡ್ ಒತ್ತಿದರೆ ಶ್ವಾಸದ ದಾರಿಯೇ ಚಪ್ಪಟೆಯಾಗುತ್ತದೆ, ಅದನ್ನು ಕೈಬಿಟ್ಟರೂ ನಷ್ಟವಿಲ್ಲ.

ಸಕ್ಸ್ ಅಥವಾ ರೋಕುರೋನಿಯಂ?

ಎರಡೂ ಸ್ನಾಯು ಸಡಿಲಿಸುವ ಔಷಧಗಳು. ಸಕ್ಸಿನೈಲ್‌ಕೋಲೀನ್, ಅಂದರೆ ಸಕ್ಸ್, ಕೆಜಿಗೆ 1ರಿಂದ 1.5 ಮಿಗ್ರಾಂ ಕೊಟ್ಟರೆ ಒಂದು ನಿಮಿಷದೊಳಗೆ ಕೆಲಸ, 10 ನಿಮಿಷದ ಹೊತ್ತಿಗೆ ಇಳಿಯುತ್ತದೆ. ರೋಕುರೋನಿಯಂ ಕೆಜಿಗೆ 1.2 ಮಿಗ್ರಾಂ ಕೊಟ್ಟರೆ ಹೆಚ್ಚುಕಡಿಮೆ ಅಷ್ಟೇ ವೇಗ, ಆದರೆ ಪರಿಣಾಮ ಗಂಟೆಯಷ್ಟು ಇರಬಹುದು. 0.6ರ ಮಾಮೂಲಿ ಪ್ರಮಾಣ ಕೊಟ್ಟು ‘ಆರ್‌ಎಸ್‌ಐ ಮಾಡಿದೆ’ ಅಂದರೆ ಅದು ಆರ್‌ಎಸ್‌ಐ ಅಲ್ಲ. ಅರ್ಧಂಬರ್ಧ ಸಡಿಲವಾದ ರೋಗಿಯ ಬಾಯಿಗೆ ಲಾರಿಂಗೋಸ್ಕೋಪಿನ (ಗಂಟಲು ನೋಡುವ ಸಾಧನದ) ಬ್ಲೇಡ್ ಹಾಕಿದರೆ ಕೆಮ್ಮಿ ಕಕ್ಕುತ್ತಾರೆ.

ಸಕ್ಸ್ ಬೇಡವೇ ಬೇಡ ಅನ್ನುವ ಜಾಗಗಳಿವೆ: ಸುಟ್ಟು ಒಂದೆರಡು ದಿನ ದಾಟಿದವರು, ಬೆನ್ನುಹುರಿ ಪೆಟ್ಟಿನಿಂದ ಕಾಲು ಸ್ವಾಧೀನ ತಪ್ಪಿದವರು, ಬಹಳ ದಿನ ಐಸಿಯುನಲ್ಲಿ ಮಲಗಿದವರು, ರಕ್ತದಲ್ಲಿ ಪೊಟ್ಯಾಸಿಯಂ ಏರಿದವರು, ಮಾಲಿಗ್ನಂಟ್ ಹೈಪರ್‌ಥರ್ಮಿಯಾ (ಅರಿವಳಿಕೆಯ ಕೆಲವು ಔಷಧಗಳಿಂದ ಮೈ ವಿಪರೀತ ಕಾಯುವ ಕಾಯಿಲೆ) ಮನೆತನದಲ್ಲಿ ಇರುವವರು. ಇಲ್ಲೆಲ್ಲ ರೋಕುರೋನಿಯಂ ಬಿಟ್ಟು ಬೇರೆ ಮಾತಿಲ್ಲ.

ಉಳಿದವರಲ್ಲಿ? ‘ಟ್ಯೂಬ್ ಸಿಗದಿದ್ದರೆ ಸಕ್ಸ್ ತಾನಾಗಿ ಇಳಿಯುತ್ತದೆ, ರೋಗಿ ಉಸಿರಾಡುತ್ತಾರೆ’ ಅನ್ನುವ ಸಮಾಧಾನ ನನಗೆ ಹಿಡಿಸುವುದಿಲ್ಲ. ಇಳಿಯುವ ಮುಂಚೆಯೇ ಆಮ್ಲಜನಕ ಕೆಳಗೆ ಬಿದ್ದಿರುತ್ತದೆ. ರೋಕುರೋನಿಯಂ ಪರಿಣಾಮ ಇಳಿಸುವ ‘ಸುಗಮಾಡೆಕ್ಸ್ ಇದೆಯಲ್ಲ’ ಅನ್ನುವ ಸಮಾಧಾನವೂ ಅಷ್ಟೇ. ತುರ್ತಿನಲ್ಲಿ ಹಿಂದಿರುಗಿಸಲು ಕೆಜಿಗೆ 16 ಮಿಗ್ರಾಂ ಬೇಕು. 70 ಕೆಜಿಯವರಿಗೆ 1,120 ಮಿಗ್ರಾಂ. 200 ಮಿಗ್ರಾಂ ವಯಲ್‌ಗಳಾದರೆ ಆರು ಒಡೆದು ಎಳೆಯಬೇಕು. ಮಾನಿಟರ್ ಕೂಗುತ್ತಿರುವಾಗ, ಅಲ್ಮೇರಾ ಬೀಗ ಹುಡುಕುತ್ತಾ ಆ ಕೆಲಸ ಮಾಡುವುದನ್ನು ಊಹಿಸಿಕೊಳ್ಳಿ. ಜೊತೆಗೆ, ಅದು ಸ್ನಾಯುಗಳನ್ನು ಎಬ್ಬಿಸುತ್ತದೆ ಹೊರತು ಪ್ರೊಪೊಫಾಲ್ ಮಂಪರನ್ನಲ್ಲ, ಊದಿಕೊಂಡ ಗಂಟಲನ್ನಲ್ಲ. ಎರಡರಲ್ಲಿ ನಿಮ್ಮ ಟ್ರೇನಲ್ಲಿ ಯಾವುದು ಸಿದ್ಧವಿದೆಯೋ, ಯಾವುದರ ಪ್ರಮಾಣ ನಿಮಗೆ ಬಾಯಿಪಾಠವೋ, ಅದನ್ನೇ ಪೂರ್ತಿ ಪ್ರಮಾಣದಲ್ಲಿ ಕೊಡಿ.

ಟ್ಯೂಬ್, ಎಲ್‌ಎಂಎ, ಎಚ್ಚರದಲ್ಲೇ ಟ್ಯೂಬ್

ಹೊಟ್ಟೆ ತುಂಬಿದ್ದರೆ ಕಫ್ (ಶ್ವಾಸನಾಳವನ್ನು ಸುತ್ತಲೂ ಮುಚ್ಚುವ ಗಾಳಿಚೀಲ) ಇರುವ ಟ್ಯೂಬೇ. ಎರಡನೇ ತಲೆಮಾರಿನ ಐ-ಜೆಲ್, ಪ್ರೋಸೀಲ್ ತರಹದ ಸಾಧನಗಳಲ್ಲಿ ಹೊಟ್ಟೆಯ ದ್ರವ ಹೊರಹೋಗಲು ಪ್ರತ್ಯೇಕ ಕೊಳವೆ ಇದೆ, ಗಂಟಲಲ್ಲಿ ಕೂರುವ ಮಾಸ್ಕಾದ ಹಳೇ ಎಲ್‌ಎಂಎಗಿಂತ ಎಷ್ಟೋ ವಾಸಿ. ಆದರೂ ಅವು ಸಿಕ್ಕಿಕೊಂಡಾಗಿನ ಆಸರೆ, ಮೊದಲ ಆಯ್ಕೆ ಅಲ್ಲ. ಟ್ಯೂಬ್ ಸಿಗದೆ ಹೋದಾಗ ಇವನ್ನು ಹಾಕಲು ಹಿಂಜರಿಯಬೇಡಿ, ಆಗ ಕ್ರೈಕಾಯ್ಡ್ ಬಿಡಿಸಿ. ಒತ್ತಿ ಹಿಡಿದರೆ ಸಾಧನ ಸರಿಯಾಗಿ ಕೂರುವುದಿಲ್ಲ.

ಬಾಯಿ ತೆರೆಯದ, ಕುತ್ತಿಗೆ ಬಾಗದ ರೋಗಿಗೆ ಹೊಟ್ಟೆಯೂ ತುಂಬಿದ್ದರೆ? ಇಲ್ಲೇ ಮೇಲೆ ಹೇಳಿದ ಪ್ರಶ್ನೆಗೆ ಬೆಲೆ ಬರುವುದು. ಆರ್‌ಎಸ್‌ಐ ಅಂದರೆ ಸೇತುವೆ ಸುಟ್ಟು ಮುಂದೆ ಹೋಗುವುದು. ಟ್ಯೂಬ್ ಸಿಗುತ್ತದೆ ಅನ್ನುವ ಧೈರ್ಯ ಇಲ್ಲದಿದ್ದರೆ ರೋಗಿಯನ್ನು ಕೂರಿಸಿ, ಗಂಟಲಿಗೆ ಲಿಗ್ನೋಕೇನ್ ಹಾಕಿ, ಎಚ್ಚರದಲ್ಲೇ ಫೈಬರ್ ಅಥವಾ ವಿಡಿಯೋ ಲಾರಿಂಗೋಸ್ಕೋಪ್‌ನಿಂದ ಹಾಕಿ. ಲಿಗ್ನೋಕೇನ್ ಕೊಬ್ಬು ಬಿಟ್ಟ ತೂಕದ ಕೆಜಿಗೆ 9 ಮಿಗ್ರಾಂ ದಾಟಬಾರದು. ಮಂಪರು ಕೊಡದಿದ್ದರೇ ಮೇಲು. ಗಂಟಲು ಮರಗಟ್ಟಿದ ಮೇಲೆ ಮಂಪರೂ ಸೇರಿದರೆ ಕಕ್ಕಿದ್ದು ರೋಗಿಗೇ ಗೊತ್ತಾಗದೆ ಒಳಗೆ ಹೋಗಬಹುದು.

ಮೂಗಿನ ನಳಿಕೆ, ಔಷಧ

ಕರುಳು ಕಟ್ಟಿಕೊಂಡು ಹೊಟ್ಟೆ ಉಬ್ಬಿದವರಿಗೆ ಇಂಡಕ್ಷನ್‌ಗೆ, ಅಂದರೆ ಎಚ್ಚರ ತಪ್ಪಿಸುವುದಕ್ಕೆ, ಮೊದಲು ಮೂಗಿನಿಂದ ಹೊಟ್ಟೆಗೆ ರೈಲ್ಸ್ ಟ್ಯೂಬ್ ಹಾಕಿ, ಎಳೆದು ಖಾಲಿ ಮಾಡಲೇಬೇಕು. ಎಷ್ಟೋ ಸಲ ಒಂದು ಲೀಟರ್ ದಾಟಿ ಬರುತ್ತದೆ. ಆಮೇಲೆ ಕಿತ್ತುಹಾಕಬೇಕೆಂಬ ಹಳೇ ಮಾತು ಬೇಡ. ಒಳಗೇ ಬಿಟ್ಟು ತುದಿ ತೆರೆದಿಡಿ, ಕ್ರೈಕಾಯ್ಡ್‌ಗೆ ಅದರಿಂದ ಅಡ್ಡಿಯಿಲ್ಲ. ಗಟ್ಟಿ ಆಹಾರ ಮಾತ್ರ ಅದರಲ್ಲಿ ಬರುವುದಿಲ್ಲ.

ಸೋಡಿಯಂ ಸಿಟ್ರೇಟ್ 30 ಮಿಲೀ ಕುಡಿಸಿದರೆ ಆಮ್ಲದ ಹರಿತ ತಕ್ಷಣ ತಗ್ಗುತ್ತದೆ. ಹೆರಿಗೆ ಕೋಣೆಯಲ್ಲಿ ಇದಕ್ಕೆ ಜಾಗವಿದೆ. ಮಾಮೂಲಿ ಬಿಳಿ ಆಂಟಾಸಿಡ್ ಬೇಡ, ಅದರ ಕಣಗಳೇ ಶ್ವಾಸಕೋಶ ಕೆಡಿಸುತ್ತವೆ. ಕರುಳು ಕಟ್ಟಿದವರಿಗೆ ಮೆಟೊಕ್ಲೊಪ್ರಮೈಡ್ ಕೂಡದು.

ಮೇಲೆ ಬಂದೇಬಿಟ್ಟರೆ

ಸಕ್ಷನ್, ಅಂದರೆ ಬಾಯಿಗೆ ಬಂದದ್ದನ್ನು ಹೀರಿ ತೆಗೆಯುವ ಕೊಳವೆ, ದಿಂಬಿನ ಕೆಳಗೆ, ಬಲಗೈಗೆ ಸಿಗುವ ಹಾಗೆ, ಚಾಲೂ ಇಟ್ಟಿರಬೇಕು. ಒಂದಲ್ಲ, ಎರಡಿದ್ದರೆ ಇನ್ನೂ ಒಳ್ಳೆಯದು. ಸಪೂರ ಕೊಳವೆ ಅನ್ನದ ಅಗುಳಿಗೇ ಕಟ್ಟಿಕೊಳ್ಳುತ್ತದೆ, ದಪ್ಪ ತುದಿಯದ್ದನ್ನೇ ಇಡಿ. ಟೇಬಲ್ ತಲೆ ಕೆಳಗೆ, ಮುಖ ಪಕ್ಕಕ್ಕೆ, ಸಕ್ಷನ್. ಹರಿವು ನಿಲ್ಲದಿದ್ದರೆ ಸಕ್ಷನ್ ತುದಿಯನ್ನು ಬ್ಲೇಡಿನ ಎಡಕ್ಕೆ ಅನ್ನನಾಳದ ಬಾಯಲ್ಲಿ ನಿಲ್ಲಿಸಿ, ಪಕ್ಕದಲ್ಲಿ ಟ್ಯೂಬ್ ಇಳಿಸಿ. ಆಮ್ಲಜನಕದ ಮಟ್ಟ ಬಿಟ್ಟುಕೊಟ್ಟರೆ, ಮೊದಲ ಉಸಿರು ಊದುವ ಮುಂಚೆ ಟ್ಯೂಬ್ ಒಳಗೆ ಒಮ್ಮೆ ಸಕ್ಷನ್ ಮಾಡಿ. ಆಂಟಿಬಯೊಟಿಕ್ಕನ್ನು, ಸ್ಟೀರಾಯ್ಡನ್ನು ಮುನ್ನೆಚ್ಚರಿಕೆ ಅಂತ ಕೊಡುವುದರಿಂದ ಲಾಭ ಕಂಡಿಲ್ಲ.

ಟ್ಯೂಬ್ ಇಳಿದ ಮೇಲೆ ಕ್ರೈಕಾಯ್ಡ್ ಬಿಡುವುದು ಕಫ್ ಉಬ್ಬಿಸಿ, ಪರದೆಯ ಮೇಲೆ ಕಾರ್ಬನ್ ಡೈಆಕ್ಸೈಡ್ ಗೆರೆ ಸತತವಾಗಿ ಬಂದ ಮೇಲೆ. ‘ಬಿಡಿ’ ಅಂತ ಹೇಳುವವರು ಟ್ಯೂಬ್ ಹಾಕಿದವರು, ಒತ್ತಿದವರು ತಾವಾಗಿ ಬಿಡಬಾರದು.

ಕೊನೆಗೆ ಟ್ಯೂಬ್ ತೆಗೆಯುವ ಹೊತ್ತೂ ಇಷ್ಟೇ ಅಪಾಯದ್ದು, ಆದರೆ ಆಗ ಯಾರ ಗಮನವೂ ಇರುವುದಿಲ್ಲ. ಹೊಟ್ಟೆಯನ್ನು ಮತ್ತೊಮ್ಮೆ ಎಳೆದು ಖಾಲಿ ಮಾಡಿ. ತಲೆ ಎತ್ತಿಸಿ ಅಥವಾ ಎಡಮಗ್ಗುಲಿಗೆ ತಿರುಗಿಸಿ. ಕಣ್ಣು ಬಿಟ್ಟು, ಹೇಳಿದ ಮಾತು ಕೇಳುವವರೆಗೆ ಕಾಯಿರಿ. ಸ್ನಾಯುಗಳ ಸಡಿಲಿಕೆ ಎಷ್ಟು ಇಳಿದಿದೆ ಅಂತ ಅಳೆಯುವ ನರ ಪ್ರಚೋದಕದಲ್ಲಿ ನಾಲ್ಕನೇ ಅದುರು ಮೊದಲನೆಯದರ ಶೇ. 90 ಮುಟ್ಟದೆ ಟ್ಯೂಬ್ ತೆಗೆಯಬೇಡಿ, ಅದಕ್ಕಿಂತ ಕಡಿಮೆ ಇದ್ದಾಗ ಗಂಟಲ ಸ್ನಾಯುಗಳು ಸರಿಯಾಗಿ ನುಂಗುವಷ್ಟು ಗಟ್ಟಿಯಾಗಿರುವುದಿಲ್ಲ.